ನಡುವಿನ ದನಿ

ನಮ್ಮ ಅಕ್ಕನವರಿಗೆ ಎಂಬತ್ತು ತುಂಬಿತು. ಅವರು ಬಲ್ಲ ಬೀಸುವ ಪದಗಳನ್ನು ಬಲ್ಲವರು ಕಾಳಗಿಯ ನಮ್ಮ ಓಣಿಯಲ್ಲಿ ಬೇರೊಬ್ಬರಿಲ್ಲ. ಅವನ್ನು ಗಣಕಯಂತ್ರದಲ್ಲಿ ಮುದ್ರಿಸಿಡಬೇಕೆಂದು ನಿಶ್ಚಯಿಸಿ, ಈ ಬೇಸಗೆಯಲ್ಲಿ ಆ ವಿದ್ಯೆಯನ್ನು ಮೊಮ್ಮಗನಿಂದ ಅಭ್ಯಾಸ ಮಾಡಿದೆವು.

'ಸ್ಟೀರಿಯೊ' ಎಂದರೆ ಎರಡು ಎಂದು ಅನೇಕರು ಭಾವಿಸುವರು. ಗ್ರೀಕ್ ಮೂಲದಲ್ಲಿ ಅದಕ್ಕೆ 'ಘನ'ವೆಂದೇ ಅರ್ಥ. ಆಂಗ್ಲ ಯಂತ್ರಜ್ಞನಾದ ಆಲನ್ ಬ್ಲೂಮ್‌ಲೈನನು 1931ರಲ್ಲಿ ಇದರ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದನು. ಒಂದೇ ಧ್ವನಿಯನ್ನು ಎಡಬಲಗಳೆರಡರಲ್ಲಿಯೂ ಸಮವಾಗಿ ನುಡಿಸಿದರೆ, ಏನೂ ಇಲ್ಲದ ನಡುವಿನಿಂದ ಅದು ಬಂದಂತೆ ಕೇಳಿಸುವುದು. ಒಂದು ಕಡೆ ತಗ್ಗಿಸಿದರೆ ಮತ್ತೊಂದು ಕಡೆಗೆ ಸರಿಯುವುದು. ಇದೇ 'ಪ್ಯಾನಿಂಗ್'. ಮಾಯಾವಾದಿಗಳಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯಲಾರದು!

ಒಂದು ಮೈಕಿನಲ್ಲಿ ಹಿಡಿದ ಕಂಠಕ್ಕೆ ಮೋನೊ ಟ್ರ್ಯಾಕೊಂದೇ ಸಾಕು. ಕಂಠಕ್ಕೊಂದು, ಬೀಸುವ ಕಲ್ಲಿಗೊಂದು, ಹೀಗೆ ಎರಡು ಟ್ರ್ಯಾಕುಗಳಾದುವು. ಮೊಮ್ಮಗನು ಸೊಗಸಿಗೆಂದು ಕಂಠವನ್ನು ಪೂರ್ತಿ ಎಡಕ್ಕೂ ಕಲ್ಲನ್ನು ಬಲಕ್ಕೂ ಇರಿಸಿದನು. ಅಕ್ಕನವರು ಹೆಡ್‌ಫೋನು ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿ, "ತಮ್ಮಾ, ಕಲ್ಲಿನ ಸಪ್ಪಳ ಕೇಳಸ್ತದ. ನನ್ನ ದನಿ ಎಲ್ಲಿ ಹೋತು?" ಎಂದರು. ಅವರಿಗೆ ಎಡಗಿವಿ ಬಹು ವರ್ಷಗಳಿಂದ ಕೇಳಿಸದು.

ಆಗಲೇ ಕಂಠವನ್ನು ನಡುವಿಗೆ ತಂದೆವು. ಕಲ್ಲನ್ನು ಬಲಕ್ಕೆ ತುಸುವೇ ಉಳಿಸಿದೆವು. ಎಡಬಲಗಳನ್ನು ಕೂಡಿಸಿದ ಮೋನೊ ಪ್ರತಿಯೊಂದನ್ನೂ ಮಾಡಿದೆವು. ಒಂದೇ ಸ್ಪೀಕರಿರುವ ಸಣ್ಣ ಮೊಬೈಲಿನಲ್ಲಿಯೂ ಅದರಿಂದ ಏನೂ ಕಳೆದುಹೋಗದು. ಅಕ್ಕನವರು ಕೇಳುವುದು ಅದನ್ನೇ. ಇನ್ನೂ 11 ಪದಗಳು ಉಳಿದಿವೆ. ಬೆಳಗಿನ ಹೊತ್ತು ಅವರ ಉಸಿರು ಚೆನ್ನಾಗಿರುವುದರಿಂದ ದಿನಕ್ಕೊಂದರಂತೆ ಹಾಡಿಸುತ್ತಿರುವೆವು.