ಸಾವಜಿಯವರ ಖೀಮಾ ಉಂಡಿ

ಮಾಂಸಾಹಾರವನ್ನು ವರ್ಜಿಸಿದ ವಾಚಕರು ಈ ಪುಟವನ್ನು ಮಗುಚಿ ಮುಂದಕ್ಕೆ ಹೋಗಬಹುದು; ನಾವು ಬೇಸರಪಡುವುದಿಲ್ಲ. ಉಳಿದವರಲ್ಲಿ ನಾವು ಅರಿಕೆ ಮಾಡತಕ್ಕ ವಿಷಯವು ನಮ್ಮ ಮುಂಡರಗಿಯ ಸಾವಜಿ ಖಾನಾವಳಿಯೊಂದರಲ್ಲಿ ದೊರೆಯುವ ಖೀಮಾ ಉಂಡಿಯದು.

ದೊಡ್ಡ ಊರುಗಳ ಹೋಟೆಲುಗಳಲ್ಲಿ ಕಟ್ಲೆಟ್ ಎಂಬ ಪದಾರ್ಥವನ್ನು ಅನೇಕರು ತಿಂದಿರಬಹುದು. ಹೆಸರು ಫ್ರೆಂಚರದು, ಪಕ್ಕೆಲುಬಿನ ಸಣ್ಣ ತುಂಡೆಂಬುದು ಅದರ ಮೂಲಾರ್ಥ. ಇಂಗ್ಲಿಷರ ಅಡಿಗೆಮನೆಯ ಮಾರ್ಗವಾಗಿ ನಮ್ಮ ದೇಶಕ್ಕೆ ಬಂದ ಮೇಲೆ ಎಲುಬು ಮಾಯವಾಗಿ, ಕೊಚ್ಚಿದ ಮಾಂಸವನ್ನು ತಟ್ಟಿ, ತತ್ತಿಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿಯುವ ರೂಢಿಯಾಯಿತು. ಖೀಮಾ ಉಂಡಿಯನ್ನು ಇದರ ದಾಯಾದಿಯೆನ್ನಬಹುದು. ಆದರೆ ಇಲ್ಲಿ ಬ್ರೆಡ್ಡಿನ ಪುಡಿಯ ಸ್ಥಾನದಲ್ಲಿ ಪುಠಾಣಿಯ ಹಿಟ್ಟು. ಅದೂ ಮೇಲಿನ ಅಂಗಿಯಾಗಿ ಅಲ್ಲ, ಮಾಂಸದೊಳಗೆ ಬೆರೆತು ಅದನ್ನು ಬಿಗಿಹಿಡಿಯುವುದಕ್ಕೆ. ಒಣಕೊಬ್ಬರಿ, ಗಸಗಸೆ, ಬಳ್ಳೊಳ್ಳಿ, ಕೆಂಪು ಖಾರ ಇವುಗಳನ್ನು ಅರೆದು ಕಲಸಿ ಉಂಡಿ ಕಟ್ಟುತ್ತಾರೆ. ಕೆಲವರು ಕರಿಯುತ್ತಾರೆ, ಕೆಲವರು ಕುದಿಯುವ ರಸದಲ್ಲಿ ಬಿಡುತ್ತಾರೆ. ಜೋಳದ ರೊಟ್ಟಿಯೊಡನೆ ತಿಂದರೆ ಕಣ್ಣಲ್ಲಿ ನೀರೂ ಬಾಯಲ್ಲಿ ನೀರೂ ಒಮ್ಮೆಲೇ ಬರುತ್ತವೆ.

ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರನ್ನು ಈ ಕಡೆ ಸಾವಜಿಯವರೆಂದೂ ಪಟ್ಟೇಗಾರರೆಂದೂ ಕರೆಯುವುದು ವಾಡಿಕೆ. ನೇಯ್ಗೆ ಅವರ ಹಳೆಯ ವೃತ್ತಿ. ಹುಬ್ಬಳ್ಳಿ, ಗದಗ-ಬೆಟಗೇರಿ, ಸೊಲ್ಲಾಪುರಗಳಲ್ಲಿ ಅವರ ಮನೆಗಳು ಬಹಳ. ಅವರ ಮನೆಯ ಖಾರದ ಅಡಿಗೆಯೇ ಖಾನಾವಳಿಯಾಗಿ ಪೇಟೆಗೆ ಬಂದಿತು. ಅದರ ಬೆನ್ನಿಗೆ ಅನೇಕ ಕಡೆ ಮದ್ಯವೂ ಬಂದಿತು. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ 1949ರ ಪಾನನಿಷೇಧದ ಕಾಯಿದೆ ನಡೆಯುತ್ತಿದ್ದ ಕಾಲವೊಂದಿತ್ತು. ಈಗ ಅಂಥ ಅಡ್ಡಿಯಿಲ್ಲ. ಬಾಟಲಿಯ ಮಗ್ಗುಲಿಗೆ ಉಂಡಿ ಕುಳಿತ ದಿನದಿಂದ ಹೆಣ್ಣುಮಕ್ಕಳು ಬಾಗಿಲ ಹೊರಗೆ ಉಳಿದರು.

ನಮ್ಮ ಮನೆಯಾಕೆಗೆ ಇದು ಸರಿಬರಲಿಲ್ಲ. "ನೀವು ಅಲ್ಲೆ ಬಿಸಿಬಿಸಿ ತಿಂದು, ನನಗ ಆರಿದ್ದನ್ನ ಕಟ್ಟಿಸಿಕೊಂಡು ಬರ್ತೀರಿ" ಎಂದಳು. ನ್ಯಾಯವಾದ ಮಾತು. ಒಂದು ಮಧ್ಯಾಹ್ನ, ಕುಡಿಯುವವರು ಇನ್ನೂ ಬಾರದ ಹೊತ್ತಿನಲ್ಲಿ, ಇಬ್ಬರೂ ಹೋದೆವು. ಮಾಲಿಕನು ಕ್ಷಣಹೊತ್ತು ಬೆರಗಾಗಿ, "ಬರ್ರಿ ಮಾಸ್ತರ, ಬರ್ರಿ ಅಕ್ಕಾರ" ಎಂದು ತಾನೇ ಮೇಜನ್ನು ಒರೆಸಿದನು. ಮೂಲೆಯಲ್ಲಿದ್ದ ಇಬ್ಬರು ಗಿರಾಕಿಗಳು ಗ್ಲಾಸನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಆ ಮರ್ಯಾದೆ ನಮಗೆ ಹಿಡಿಸಿತು.

ಮೂರು ಉಂಡಿಗಳನ್ನು ಮುಗಿಸಿದ ಬಳಿಕ ಮನೆಯಾಕೆ, ಮಾಡುವವರು ಯಾರೆಂದು ಕೇಳಿದಳು.

"ನಮ್ಮವ್ವರೀ. ಮನ್ಯಾಗ ಅರದು, ಕಟ್ಟಿ ಕೊಡ್ತಾಳ. ಆಕಿ ಒಂದು ದಿನಾನೂ ಇಲ್ಲಿ ಕಾಲಿಟ್ಟಿಲ್ಲರೀ."

ಸಂಜೆ ಇವಳು ಅವರ ಮನೆಯನ್ನು ಹುಡುಕಿಕೊಂಡು ಹೋದಳು. ನಾವೂ ಬೆನ್ನು ಹತ್ತಿದೆವು. ಮುದುಕಿ ಒಳ್ಳಿನ ಮುಂದೆ ಕುಳಿತಿದ್ದಳು. ಬಂದ ಕಾರಣವನ್ನು ಕೇಳಿ ನಕ್ಕು, "ಹಿಟ್ಟು ಹೆಚ್ಚಾದ್ರ ಕಲ್ಲಾಗತೈತಿ ತಂಗಿ, ಕಡಿಮಿ ಆದ್ರ ರಸದಾಗ ಬಿಚ್ಚತೈತಿ. ಕೈಗೆ ತಿಳೀಬೇಕು" ಎಂದು ಒಂದು ಹಿಡಿ ಖೀಮಾವನ್ನು ಇವಳ ಅಂಗೈಯಲ್ಲಿಟ್ಟಳು. ಬಳಿಕ ದನಿಯನ್ನು ತಗ್ಗಿಸಿ ಕೇಳಿದಳು: "ಅಲ್ಲೆ ನಿಮಗ ಬಿಸಿ ಉಂಡಿನ ಕೊಟ್ಟನಿಲ್ಲೋ? ಆರಿದ್ದು ಕೊಡಬ್ಯಾಡಂತ ದಿನಾ ಹೇಳತೀನಿ."