ಚುಂಚನಕಟ್ಟೆಯ ಚಳಿಯೂ ಹಳೆಯ ಡೀಸೆಲ್ ಕಾರೂ

ಕೃಷ್ಣರಾಜನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿ, ಕಾವೇರಿಯ ದಂಡೆಯ ಮೇಲೆ ನೆಲೆಸಿರುವ ಚುಂಚನಕಟ್ಟೆಯು ಮೈಸೂರು ಸೀಮೆಯ ಹೆಸರಾಂತ ಯಾತ್ರಾಸ್ಥಳಗಳಲ್ಲೊಂದು. ಚುಂಚ, ಚುಂಚಿ ಎಂಬ ಬುಡಕಟ್ಟಿನ ದಂಪತಿಗಳಿಂದ ಈ ಹೆಸರು ಬಂದಿತೆಂದು ಸ್ಥಳಪುರಾಣವು ಹೇಳುತ್ತದೆ. ಇಲ್ಲಿ ಕಾವೇರಿಯು ಕವಲೊಡೆದು, ಸುಮಾರು 60 ಅಡಿ ಎತ್ತರದಿಂದ ಬಂಡೆಗಳ ಮೇಲೆ ಧುಮುಕಿ, ಮತ್ತೆ ಒಂದಾಗಿ ಮುಂದೆ ಹರಿಯುತ್ತಾಳೆ. ದಂಡೆಯ ಮೇಲಿನ ಕೋದಂಡರಾಮ ದೇವಾಲಯದಲ್ಲಿ ಸೀತೆಯು ರಾಮನ ಬಲಭಾಗದಲ್ಲಿ ನಿಂತಿರುವುದು ವಿಶೇಷ.

ಜನವರಿ ತಿಂಗಳಿನಲ್ಲಿ ಇಲ್ಲಿ ಕೂಡುವ ದನಗಳ ಜಾತ್ರೆಯು ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಹಳ್ಳಿಕಾರ್ ತಳಿಯ ಜೋಡಿ ಎತ್ತುಗಳನ್ನು ಕೊಳ್ಳಲು ಬಂದ ರೈತನ ರೀತಿಯನ್ನು ಗಮನಿಸಬೇಕು. ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ಮುಟ್ಟಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇಷ್ಟಾದ ಮೇಲೆಯೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಪರೀಕ್ಷೆ ಮೊದಲು, ಹಣ ಆಮೇಲೆ. ಈ ವಿವೇಕವು ಎತ್ತಿಗೆ ಮಾತ್ರವಲ್ಲ, ಯಂತ್ರಕ್ಕೂ ಸಲ್ಲುವುದೆಂಬುದನ್ನು ನಾವು ಇದೇ ಜಾತ್ರೆಯಲ್ಲಿ ಕಂಡೆವು.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ಎತ್ತು ಕೊಳ್ಳುವ ಸಲುವಾಗಿ ತಮ್ಮ ಹಳೆಯ ಡೀಸೆಲ್ ಕಾರಿನಲ್ಲಿ ಕುಟುಂಬಸಮೇತ ಇಲ್ಲಿಗೆ ಬಂದಿದ್ದರು. ಆ ಕಾರು ಬೆಳಗಿನ ಹೊತ್ತು ಸುಲಭವಾಗಿ ಚಾಲೂ ಆಗುತ್ತಿರಲಿಲ್ಲ. ಪಟ್ಟಣದ ಕಾರ್ಖಾನೆಯೊಂದರಲ್ಲಿ, ಡೀಸೆಲ್ ಪಂಪನ್ನೇ ಬಿಚ್ಚಿ ರಿಪೇರಿ ಮಾಡಿಸದೆ ಬೇರೆ ದಾರಿಯಿಲ್ಲವೆಂದು ಹೇಳಿದ್ದರಂತೆ. ಆ ಖರ್ಚಿಗೆ ಒಪ್ಪಿದರೆ ಎತ್ತಿನ ಹಣದಲ್ಲಿ ಬಹುಪಾಲು ಕರಗುವಂತಿತ್ತು. ನದೀದಂಡೆಯ ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಂತಿದ್ದ ಕಾರು ಮರುದಿನ ಮುಂಜಾನೆ ಎಷ್ಟು ಸೆಲ್ಫ್ ಹೊಡೆದರೂ ಚಾಲೂ ಆಗಲಿಲ್ಲ.

ಇಲ್ಲಿ ಡೀಸೆಲ್ ಯಂತ್ರದ ಸ್ವಭಾವವನ್ನು ಅರಿಯುವುದು ಅವಶ್ಯ. ಜರ್ಮನಿಯ ರುಡಾಲ್ಫ್ ಡೀಸೆಲ್‌ನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿದ ಈ ಯಂತ್ರದಲ್ಲಿ ಪೆಟ್ರೋಲ್ ಯಂತ್ರದಂತೆ ಕಿಡಿಯಿಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಅದು ಬಲವಾಗಿ ಒತ್ತುತ್ತದೆ. ಹಳೆಯ ಕಾರುಗಳಲ್ಲಿ ಈ ಗಾಳಿಯು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗುವುದುಂಟು. ಒತ್ತಡದಿಂದ ಕಾಯ್ದ ಗಾಳಿಗೆ ಡೀಸೆಲ್ ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಬೇಕಾದುವು ಮೂರು: ಚುರುಕಾದ ತಿರುಗು, ಸಾಕಷ್ಟು ಕಾವು, ಗಾಳಿ ಬೆರೆಯದ ಡೀಸೆಲ್. ಇವುಗಳಲ್ಲಿ ಯಾವುದು ತಪ್ಪಿದೆಯೆಂದು ಗುರುತಿಸುವುದೇ ರೋಗನಿದಾನ.

ಮೊದಲು ಕಿವಿಗೊಟ್ಟು ಕೇಳಬೇಕು. ಸೆಲ್ಫ್ ಹೊಡೆದಾಗ ಯಂತ್ರವು ಎಳೆದೆಳೆದು ತಿರುಗಿದರೆ ದೋಷವು ಬ್ಯಾಟರಿಯಲ್ಲಿಯೋ, ಅದರ ತಂತಿಗಳಲ್ಲಿಯೋ, ಸೆಲ್ಫ್ ಮೋಟಾರಿನಲ್ಲಿಯೋ ಇದೆಯೆಂದು ಊಹಿಸಬೇಕು. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 10ಕ್ಕಿಂತ ಬಹಳ ಕೆಳಗಿಳಿದರೆ ಬ್ಯಾಟರಿ ಸೋತಿದೆಯೆಂದು ತಿಳಿಯಬಹುದು.

ತಿರುಗು ಚುರುಕಾಗಿದ್ದರೆ ಮುಂದೆ ಹೊಗೆಯನ್ನು ನೋಡಬೇಕು. ಸೆಲ್ಫ್ ಹೊಡೆಯುವಾಗ ಬಿಳಿಯ ಹೊಗೆ ಬಂದರೆ ಡೀಸೆಲ್ ಒಳಗೆ ತಲುಪಿದೆ, ಆದರೆ ಉರಿಯುತ್ತಿಲ್ಲವೆಂದು ಅರ್ಥ. ಆಗ ಹೀಟರ್ ಪ್ಲಗ್ಗುಗಳನ್ನು ಪರೀಕ್ಷಿಸಬೇಕು. ಪ್ಲಗ್ಗಿನ ತಂತಿಯನ್ನು ಕಳಚಿ, 12 ವೋಲ್ಟಿನ ಬಲ್ಬೊಂದರ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ, ಇನ್ನೊಂದನ್ನು ಪ್ಲಗ್ಗಿನ ತಲೆಗೂ ಮುಟ್ಟಿಸಬೇಕು. ಬಲ್ಬು ಬೆಳಗದಿದ್ದರೆ ಆ ಪ್ಲಗ್ಗು ಸುಟ್ಟಿದೆ. ಪ್ಲಗ್ಗುಗಳೆಲ್ಲ ಸರಿಯಿದ್ದೂ ಬಿಳಿಯ ಹೊಗೆ ನಿಲ್ಲದಿದ್ದರೆ, ಯಂತ್ರ ಸವೆದು ಒತ್ತಡ ಕುಗ್ಗಿರುವ ಶಂಕೆಯುಂಟು. ಎಣ್ಣೆ ಬೇಗನೆ ಖರ್ಚಾಗುತ್ತಿದ್ದರೆ ಈ ಶಂಕೆ ಬಲಗೊಳ್ಳುತ್ತದೆ. ಇದನ್ನು ಅಳೆದು ನೋಡುವುದು ಬಲ್ಲ ಮೆಕ್ಯಾನಿಕ್ಕಿನ ಕೆಲಸ.

ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ನಮ್ಮ ಬಂಧುಗಳ ಕಾರಿನ ಸ್ಥಿತಿ ಇದೇ ಆಗಿತ್ತು. ಜಾತ್ರೆಗೆ ಬಂದಿದ್ದ ವಯೋವೃದ್ಧ ಚಾಲಕರೊಬ್ಬರು ಹೊಗೆಯಿಲ್ಲದುದನ್ನು ನೋಡಿ, ಕಾರು ನಿಂತ ಇಳಿಜಾರನ್ನೂ ನೋಡಿ, "ಯಜಮಾನ್ರೇ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದಾಗ ಇಷ್ಟು ಸತಾಯಿಸುತ್ತದೆಯೇ?" ಎಂದು ಕೇಳಿದರು. "ಅಷ್ಟಿಲ್ಲ" ಎಂಬ ಉತ್ತರ ಬಂದಿತು. ಅವರು ಬಾನೆಟ್ ಎತ್ತಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತತೊಡಗಿದರು. ಬಹಳ ಹೊತ್ತು ನೊರೆಯೇ ಬಂದಿತು. ಬಳಿಕ ಗುಳ್ಳೆಯಿಲ್ಲದ ಡೀಸೆಲ್ ಉಕ್ಕಿತು. ಸ್ಕ್ರೂ ಬಿಗಿಮಾಡಿ ಸೆಲ್ಫ್ ಹೊಡೆದೊಡನೆ ಕಾರು ಚಾಲೂ ಆಯಿತು!

ಕಾರಣ ಸರಳವಾದುದು. ಆ ಕಾರಿನ ಟ್ಯಾಂಕು ಹಿಂದುಗಡೆ ಇದ್ದಿತು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಹಳತಾಗಿ ಕ್ಲಿಪ್ಪಿನ ಬಳಿ ಬಿರುಕುಬಿಟ್ಟಿತ್ತು. ರಾತ್ರಿಯೆಲ್ಲ ಆ ಬಿರುಕಿನಿಂದ ಗಾಳಿ ಒಳಹೊಕ್ಕು, ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತಿತ್ತು. ನೀರಿಗಾಗಲಿ ಡೀಸೆಲ್‌ಗಾಗಲಿ ಇಳಿಜಾರೇ ದಾರಿಯಲ್ಲವೇ? ಇಂತಹ ಬಿರುಕಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ. ಆದ್ದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಕಾಲ ಪಾರದರ್ಶಕ ಪೈಪನ್ನು ಜೋಡಿಸಿ ನೋಡಿದರೆ ಗುಳ್ಳೆಗಳು ತಾವೇ ಸಾಕ್ಷಿ ಹೇಳುತ್ತವೆ. ಒಂದು ಮೊಳ ಪೈಪು, ಎರಡು ಕ್ಲಿಪ್ಪು ಬದಲಾದುವು. ಪಂಪಿಗೆ ಕೈಹಚ್ಚುವ ಪ್ರಮೇಯವೇ ಬರಲಿಲ್ಲ. ಆ ಮಧ್ಯಾಹ್ನವೇ ನಮ್ಮ ಬಂಧುಗಳು ತಾವು ಮೆಚ್ಚಿದ ಜೋಡಿಗೆ ಮುಂಗಡ ಕೊಟ್ಟರು.

ಇಂತಹ ಕಾರುಗಳು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿವೆ. ಅಂಬಾಸಿಡರಿನ ತಯಾರಿಕೆ 2014ರಲ್ಲಿಯೇ ನಿಂತಿದ್ದರೂ ಅದನ್ನು ಮನೆಯ ಹಿರಿಯರಂತೆ ನೋಡಿಕೊಳ್ಳುವವರುಂಟು. ಅಂಥವರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಒಮ್ಮೆಗೆ ಹತ್ತು ಹದಿನೈದು ಸೆಕೆಂಡುಗಳಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುನಡುವೆ ಅದಕ್ಕೆ ವಿಶ್ರಾಂತಿ ಕೊಡಬೇಕು. ಹೀಟರ್ ಪ್ಲಗ್ಗಿರುವ ಯಂತ್ರಕ್ಕೆ ಈಥರ್‌ನಂತಹ ದ್ರವವನ್ನು ಎಂದಿಗೂ ಸಿಂಪಡಿಸಬಾರದು; ಕಾದ ಪ್ಲಗ್ಗಿಗೆ ಅದು ತಾಗಿ ಸಿಡಿದರೆ ಯಂತ್ರವೂ ಹಾಳು, ಬಳಿ ನಿಂತವರಿಗೂ ಅಪಾಯ.

ಚುಂಚನಕಟ್ಟೆಗೆ ಹೋಗುವ ಕುಟುಂಬಗಳು ಜಲಪಾತವನ್ನೂ ಜಾತ್ರೆಯನ್ನೂ ಕಣ್ತುಂಬ ನೋಡಲಿ. ಹಳೆಯ ಗಾಡಿಯಲ್ಲಿ ಹೊರಡುವವರು ಮುನ್ನಾದಿನವೇ ಪೈಪು, ಕ್ಲಿಪ್ಪು, ಬ್ಯಾಟರಿಗಳನ್ನು ಪರೀಕ್ಷಿಸಿ, ರಾತ್ರಿ ತಂಗುವಾಗ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸುವುದು ಲೇಸು. ಬೆಳಗ್ಗೆ ಗಾಡಿ ಮೊಂಡುಹಿಡಿದರೆ ಮೊದಲು ಕಿವಿಗೊಟ್ಟು ಕೇಳಲಿ, ಹೊಗೆಯನ್ನು ನೋಡಲಿ. ಹಣದ ಚೀಲಕ್ಕೆ ಕೈಹಾಕುವುದು ಕೊನೆಗಿರಲಿ.