ಬಚ್ಚಲ ನಾತ: ಏಪ್ರಿಲ್ ಪುಟಗಳು

ಏಪ್ರಿಲ್ 6, ಭಾನುವಾರ

ರಾಮನವಮಿ. ಪಾನಕ, ಕೋಸಂಬರಿ ಆಯಿತು. ಮಧ್ಯಾಹ್ನ ಪಡಸಾಲೆಯಲ್ಲಿ ಕೊಳೆತ ಮೊಟ್ಟೆಯ ನಾತ. ಹುಡುಕುತ್ತ ಹೋದರೆ ತಮ್ಮನ ಕೋಣೆಯ ಬಚ್ಚಲು. ಅಮ್ಮನನ್ನು ಕರೆದೆ. ಬಾಗಿಲಲ್ಲೇ ನಿಂತು, “ನನಗೇನೂ ಬರವಲ್ದು” ಅಂದಳು.

ಏಪ್ರಿಲ್ 7, ರಾತ್ರಿ

ಜಾಳಿ ಎತ್ತಿ ಟಾರ್ಚ್ ಹಿಡಿದೆ. ನಹಾನಿ ಟ್ರ್ಯಾಪ್ ಪೂರ್ತಿ ಒಣಗಿದೆ. ಅಲ್ಲಿ ಎರಡು ಇಂಚು ನೀರು ನಿಂತಿರಬೇಕು. ಚರಂಡಿಯ ಗಾಳಿಯನ್ನು ತಡೆಯುವುದು ಆ ನೀರೊಂದೇ. ದೀಪಾವಳಿ ಮುಗಿಸಿ ತಮ್ಮ ಪುಣೆಗೆ ಹೋದ ಮೇಲೆ ಅಲ್ಲಿ ಯಾರೂ ಸ್ನಾನ ಮಾಡಿಲ್ಲ. ಹುಬ್ಬಳ್ಳಿಯ ಬಿಸಿಲು ಬೇರೆ. ಒಂದು ಬಕೆಟ್ ಸುರಿದೆ. ಮಲಗುವ ಹೊತ್ತಿಗೆ ನಾತವಿಲ್ಲ. ಇಷ್ಟೇನಾ?

ಏಪ್ರಿಲ್ 9

ಪ್ಲಂಬರ್ ಫೋನಿನಲ್ಲೇ ಹೇಳಿದ: ನೀರಿನ ಮೇಲೆ ಚೂರು ಅಡುಗೆ ಎಣ್ಣೆ ಬಿಡ್ರಿ, ಲಗೂನ ಆರೂದಿಲ್ಲ. ಶೇಂಗಾ ಎಣ್ಣೆ ಬಿಟ್ಟೆ. ಅಮ್ಮನಿಗೆ ಸಿಟ್ಟು.

ಏಪ್ರಿಲ್ 12, ಶನಿವಾರ

ಈಗ ಅಮ್ಮನ ಬಚ್ಚಲು. ದಿನಾ ಬಳಸುವುದು, ನೀರು ನಿಂತೇ ಇದೆ. ಟ್ರ್ಯಾಪಿನ ಬಟ್ಟಲು ತೆಗೆದೆ: ಸೋಪಿನ ಜಿಡ್ಡು, ಕಪ್ಪು ಲೋಳೆ, ಅವಳ ಬಿಳಿ ಕೂದಲ ಉಂಡೆ. ಇಷ್ಟು ಕೂದಲು ಉದುರುತ್ತಿದೆಯೇ? ಸೋಡಾ, ಬಿಸಿನೀರು ಹಾಕಿ ಬ್ರಷ್‌ನಿಂದ ತಿಕ್ಕಿದೆ. ಕೆಲಸದಾಕೆ ಬ್ಲೀಚಿಂಗ್ ಪೌಡರ್ ಉದುರಿಸಿ, ಮೇಲೆ ಆ್ಯಸಿಡ್ ಹಾಕಲು ಬಾಟಲಿ ಎತ್ತಿದ್ದಳು. ಕೈ ಹಿಡಿದು ನಿಲ್ಲಿಸಿದೆ. ಎರಡೂ ಸೇರಿದರೆ ಕ್ಲೋರಿನ್ ಏಳುತ್ತದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ.

ಏಪ್ರಿಲ್ 13, ನಸುಕು 3 ಗಂಟೆ

ನಿದ್ದೆ ಇಲ್ಲ. ಓದುತ್ತ ಕೂತೆ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಸೋಂಕು. ಬಚ್ಚಲಿನ ಟ್ರ್ಯಾಪ್‌ಗಳು ಒಣಗಿದ್ದವು, ಎಕ್ಸಾಸ್ಟ್ ಫ್ಯಾನ್ ಕೊಳವೆಯ ಗಾಳಿಯನ್ನು ಮನೆಯೊಳಗೆ ಎಳೆದಿತ್ತು ಎಂದು ತನಿಖೆ ಶಂಕಿಸಿತು. ಎದ್ದು ತಮ್ಮನ ಬಚ್ಚಲಿಗೆ ಮತ್ತೆ ನೀರು ಹಾಕಿ ಬಂದೆ.

ಆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗೇ ಮಂಕಾಗುತ್ತದಂತೆ. ಆದರೆ ನಮ್ಮಲ್ಲಿ ಅಷ್ಟಿರಲಾರದು. ನನಗೆ ನಾತ ಬರುತ್ತಿದೆಯಲ್ಲ. ಅಮ್ಮನಿಗೇಕೆ ಇಲ್ಲ?

ಏಪ್ರಿಲ್ 15

ಮೇಲಿನ ಮನೆಯವರು ನೀರು ಬಿಟ್ಟಾಗ ನಮ್ಮ ಬಚ್ಚಲಲ್ಲಿ ಗುಳುಗುಳು. ಆಮೇಲೆ ನಾತ. ತಾರಸಿಯ ವೆಂಟ್ ಪೈಪ್ ಕಟ್ಟಿಕೊಂಡಿರಬೇಕು. ಗಾಳಿ ಸಿಗದೆ ಕೊಳವೆ ನಮ್ಮ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತಿದೆ. ಅಪಾರ್ಟ್‌ಮೆಂಟ್ ಸಂಘದವರು “ನೋಡೋಣ” ಅಂದರು.

ಏಪ್ರಿಲ್ 17, ಸಂಜೆ

ಹಾಲು ಸೀದು ತಳ ಹಿಡಿಯಿತು. ಅಮ್ಮ ಒಲೆಯ ಪಕ್ಕದಲ್ಲೇ ಕೂತು ಅವರೆಕಾಳು ಸುಲಿಯುತ್ತಿದ್ದಳು. ನಾನು ಹೊರಗಿನಿಂದ ಓಡಿ ಬಂದು ಆರಿಸಿದೆ.

ಒಗ್ಗರಣೆ ಆಯಿತೆಂದು ಅವಳು ತಿಳಿಯುವುದು ಸಾಸಿವೆ ಸಿಡಿಯುವ ಸದ್ದಿನಿಂದ. ಮಲ್ಲಿಗೆ ತಂದರೆ ಮುಡಿಯುತ್ತಾಳೆ, ಮೂಸುವುದಿಲ್ಲ. ಯಾವಾಗಿನಿಂದ? ಕೋವಿಡ್ ಬಂದಾಗಿನಿಂದಲೋ, ವಯಸ್ಸೋ? ಕೇಳಿದರೆ, “ಸುಮ್ನ ತಲಿ ಕೆಡಿಸ್ಕೋಬ್ಯಾಡ.”

ಏಪ್ರಿಲ್ 18

ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದ್ದು ತಿಳಿಯಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ನಾನು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಅಮ್ಮ ಒಬ್ಬಳೇ.

ಏಪ್ರಿಲ್ 19, ಶನಿವಾರ

ಗ್ಯಾಸ್ ಅಲಾರ್ಮ್ ತಂದೆ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಹತ್ತಿರ ಹಾಕಿಸಿದೆ. “ಎಷ್ಟು ರೊಕ್ಕ?” ಅಂದಳು. ಹೇಳಲಿಲ್ಲ. ಸೋಮವಾರ ಕಿವಿ-ಮೂಗು-ಗಂಟಲಿನ ಡಾಕ್ಟರ ಬಳಿ ಹೋಗಬೇಕು ಅಂದೆ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ತಾರಸಿಯ ಪೈಪ್ ನೋಡಲು ಇನ್ನೂ ಯಾರೂ ಹತ್ತಿಲ್ಲ.